ನಿಗದಿತ ಕೆಲಸ ಪಟ್ಟಿಯಲ್ಲಿ ಕಾಣದಿದ್ದರೆ, ಕಂಡರೂ ನಡೆಯದಿದ್ದರೆ: ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಇವೆಂಟ್‌ಗಳ ದೋಷ ನಿವಾರಣೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿಯ ಆವಕ ಜೋರಾಗಿರುವ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಅಡತಿ ಅಂಗಡಿಯ ಕಂಪ್ಯೂಟರ್ ಬೆಳಗಿನಿಂದ ಸಂಜೆಯವರೆಗೆ ತೂಕದ ಚೀಟಿಗಳನ್ನು ದಾಖಲಿಸಿಕೊಳ್ಳುತ್ತಲೇ ಇರುತ್ತದೆ. ವ್ಯಾಪಾರ ಮುಗಿದ ಮೇಲೆ ಆ ದಿನದ ಕ್ವಿಂಟಲ್ ಲೆಕ್ಕ, ಹಮಾಲಿ, ರೈತರಿಗೆ ಕೊಡಬೇಕಾದ ಬಾಕಿ ಇವನ್ನೆಲ್ಲ ಒಟ್ಟುಗೂಡಿಸುವ ಕೆಲಸವನ್ನು ಈಗ ಹಲವು ಕಡೆ ಗುಮಾಸ್ತರು ಮಾಡುವುದಿಲ್ಲ. ಡೇಟಾಬೇಸ್‌ನೊಳಗೆ ಬರೆದಿಟ್ಟ ಒಂದು ನಿಗದಿತ ಕೆಲಸ ಹೇಳಿದ ಹೊತ್ತಿಗೆ ತಾನಾಗಿ ಮಾಡುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶಗಳಲ್ಲಿ ಇದಕ್ಕೆ ಇವೆಂಟ್ ಎಂದು ಹೆಸರು. ಮರುದಿನ ಬೆಳಿಗ್ಗೆ ಒಟ್ಟು ಮೊತ್ತ ಸೊನ್ನೆ ಎಂದು ಬಂದಾಗ, ರೈತರು ಪಾವತಿಗಾಗಿ ಬಾಗಿಲಲ್ಲಿ ನಿಂತಿರುವಾಗ, ಆ ಇವೆಂಟ್ ಎಲ್ಲಿದೆ, ಏಕೆ ನಡೆಯಲಿಲ್ಲ ಎಂದು ಹುಡುಕಬೇಕಾದವರಿಗಾಗಿ ಈ ಬರಹ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಸಣ್ಣ ಕಚೇರಿಗಳ ಡೇಟಾಬೇಸ್‌ಗಳನ್ನು ನೋಡಿಕೊಳ್ಳುವಾಗ ಮತ್ತೆ ಮತ್ತೆ ಎದುರಾದ ಲಕ್ಷಣಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಆದೇಶಗಳನ್ನು ಉಚ್ಚರಿಸುವ ಹಾಗೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

ಹುಡುಕುವ ಮೊದಲು: ಕಾಣದ ಇವೆಂಟನ್ನು ಮತ್ತೆ ಸೃಷ್ಟಿಸಬೇಡಿ

ಈ ಎಚ್ಚರಿಕೆಯನ್ನು ಕೊನೆಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಯಾದಗಿರಿ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಠೇವಣಿಗಳಿಗೆ ತಿಂಗಳ ಬಡ್ಡಿ ಜಮಾ ಮಾಡುವ ಇವೆಂಟ್ ಇತ್ತು. ಹೊಸದಾಗಿ ಬಂದ ಸಿಬ್ಬಂದಿಯ ಖಾತೆಗೆ ಮುಖ್ಯ ಡೇಟಾಬೇಸ್‌ನ ಟೇಬಲ್‌ಗಳನ್ನು ಓದುವ, ಬರೆಯುವ ಹಕ್ಕು ಇತ್ತೇ ಹೊರತು ಇವೆಂಟ್‌ಗಳನ್ನು ನೋಡುವ ಹಕ್ಕು ಇರಲಿಲ್ಲ. ಆದ್ದರಿಂದ ಅವರು ಹುಡುಕಿದಾಗ ಪಟ್ಟಿ ಖಾಲಿ ಬಂತು. ಇವೆಂಟ್ ಅಳಿಸಿಹೋಗಿದೆ ಎಂದು ತಿಳಿದು, ಪೂರ್ಣ ಹಕ್ಕುಗಳಿದ್ದ ಪ್ರತ್ಯೇಕ ವರದಿ ಡೇಟಾಬೇಸ್‌ನಲ್ಲಿ ಅದೇ ಇವೆಂಟನ್ನು ಅವರು ಮತ್ತೊಮ್ಮೆ ಬರೆದರು. ಅದರೊಳಗಿನ ಆದೇಶಗಳಲ್ಲಿ ಟೇಬಲ್‌ಗಳ ಪೂರ್ಣ ಹೆಸರು ಇದ್ದುದರಿಂದ ಎರಡೂ ಇವೆಂಟ್‌ಗಳು ಒಂದೇ ಖಾತೆಗಳ ಮೇಲೆ ನಡೆದು, ಬಡ್ಡಿ ಎರಡು ಸಲ ಜಮಾ ಆಯಿತು. ಪಾಸ್‌ಪುಸ್ತಕದಲ್ಲಿ ಮುದ್ರಿತವಾಗಿದ್ದ ಮೊತ್ತವನ್ನು ಹಿಂದಕ್ಕೆ ಪಡೆಯುವ ಮಾತನ್ನು ವಯಸ್ಸಾದ ಠೇವಣಿದಾರರಿಗೆ ಒಬ್ಬೊಬ್ಬರಾಗಿ ಕೂರಿಸಿಕೊಂಡು ವಿವರಿಸಬೇಕಾಯಿತು. ತಪ್ಪು ಆ ಸಿಬ್ಬಂದಿಯ ಶ್ರದ್ಧೆಯದಲ್ಲ. ಕಾಣದಿರುವುದನ್ನೂ ಇಲ್ಲದಿರುವುದನ್ನೂ ಒಂದೇ ಎಂದು ತಿಳಿದದ್ದರಿಂದ ಆದ ಅನಾಹುತ ಅದು.

ಆದ್ದರಿಂದ ಕೆಳಗಿನ ಪರಿಶೀಲನೆಗಳಲ್ಲಿ ಕೇವಲ ನೋಡುವ ಆದೇಶಗಳನ್ನು ಮೊದಲು ಮುಗಿಸಿ. ಏನನ್ನಾದರೂ ಬದಲಿಸುವ ಆದೇಶಕ್ಕೆ ಕೈ ಹಾಕುವ ಮೊದಲು ಆ ದಿನದ ಬ್ಯಾಕಪ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಲಕ್ಷಣ: ಪಟ್ಟಿ ಖಾಲಿ ಬರುತ್ತದೆ, ಅಥವಾ ದೋಷ ಸಂಖ್ಯೆ ಬರುತ್ತದೆ

ಪಟ್ಟಿ ನೋಡುವ ಸರಳ ಆದೇಶ "ಶೋ ಇವೆಂಟ್ಸ್". ಇದಕ್ಕೆ 1046 ಎಂಬ ದೋಷ ಬಂದರೆ ನೀವು ಇನ್ನೂ ಯಾವ ಡೇಟಾಬೇಸನ್ನೂ ಆಯ್ಕೆ ಮಾಡಿಕೊಂಡಿಲ್ಲ ಎಂದಷ್ಟೇ ಅರ್ಥ. ಈ ಆದೇಶ ಸರ್ವರ್‌ನಲ್ಲಿರುವ ಎಲ್ಲ ಇವೆಂಟ್‌ಗಳನ್ನು ತೋರಿಸುವುದಿಲ್ಲ. ಆಯ್ಕೆಯಾಗಿರುವ ಒಂದು ಡೇಟಾಬೇಸ್‌ನವನ್ನು ಮಾತ್ರ ತೋರಿಸುತ್ತದೆ. ಬ್ರೌಸರ್‌ನಿಂದ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಒಂದು ಡೇಟಾಬೇಸನ್ನು ತೆರೆದಾಗ ಕಾಣುವ ಇವೆಂಟ್ಸ್ ಪುಟದ ಮಾತೂ ಅದೇ. ಹೀಗಾಗಿ ಮೊದಲ ಪರಿಶೀಲನೆ, ನೀವು ಸರಿಯಾದ ಡೇಟಾಬೇಸ್‌ನಲ್ಲಿ ನಿಂತಿದ್ದೀರಾ ಎಂಬುದು. "ಶೋ ಇವೆಂಟ್ಸ್ ಫ್ರಮ್" ಎಂದು ಬರೆದು ಮುಂದೆ ಡೇಟಾಬೇಸ್ ಹೆಸರನ್ನು ಕೊಟ್ಟರೆ ಈ ಗೊಂದಲ ಇರುವುದಿಲ್ಲ.

ಎಲ್ಲ ಡೇಟಾಬೇಸ್‌ಗಳ ಇವೆಂಟ್‌ಗಳನ್ನು ಒಟ್ಟಿಗೆ ನೋಡಲು "ಇನ್ಫರ್ಮೇಶನ್_ಸ್ಕೀಮಾ" ಎಂಬಲ್ಲಿರುವ "ಇವೆಂಟ್ಸ್" ಟೇಬಲನ್ನು ಓದಬೇಕು. ನನ್ನ ಅಭ್ಯಾಸ ಯಾವಾಗಲೂ ಇದರಿಂದಲೇ ಆರಂಭಿಸುವುದು, ಏಕೆಂದರೆ ಇವೆಂಟ್ ಕೊನೆಯ ಬಾರಿ ಯಾವಾಗ ನಡೆಯಿತು ಎಂದು ಹೇಳುವ "ಲಾಸ್ಟ್_ಎಕ್ಸಿಕ್ಯೂಟೆಡ್" ಕಾಲಂ ಇಲ್ಲಿದೆ, ಶೋ ಇವೆಂಟ್ಸ್ ಆದೇಶದ ಉತ್ತರದಲ್ಲಿ ಇಲ್ಲ. ಡೇಟಾಬೇಸ್ ಹೆಸರು, ಇವೆಂಟ್ ಹೆಸರು, ಡಿಫೈನರ್ (ಇವೆಂಟ್ ಯಾರ ಖಾತೆಯ ಹೆಸರಿನಲ್ಲಿದೆ ಎಂಬುದು), ಸ್ಟೇಟಸ್, ಟೈಂ ಜೋನ್, ಸ್ಟಾರ್ಟ್ಸ್, ಎಂಡ್ಸ್ ಮತ್ತು ಲಾಸ್ಟ್_ಎಕ್ಸಿಕ್ಯೂಟೆಡ್, ಈ ಎಂಟು ಕಾಲಂಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಹುಡುಕಾಟದ ಅರ್ಧ ಭಾಗ ಮುಗಿದಂತೆ.

ಆದರೆ ಇಲ್ಲಿಯೇ ದೊಡ್ಡ ಮೋಸವೂ ಇದೆ. ಒಂದು ಡೇಟಾಬೇಸ್‌ನ ಮೇಲೆ ನಿಮ್ಮ ಖಾತೆಗೆ ಇವೆಂಟ್ ಎಂಬ ಹಕ್ಕು ಇಲ್ಲದಿದ್ದರೆ, ಶೋ ಇವೆಂಟ್ಸ್ ಆದೇಶ ಪ್ರವೇಶವಿಲ್ಲ ಎಂದು 1044 ದೋಷವನ್ನು ಕೊಟ್ಟು ಪ್ರಾಮಾಣಿಕವಾಗಿ ತಿಳಿಸುತ್ತದೆ. ಇನ್ಫರ್ಮೇಶನ್_ಸ್ಕೀಮಾ ಮಾತ್ರ ಯಾವ ದೂರನ್ನೂ ಹೇಳದೆ ಆ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ಮೇಲೆ ಹೇಳಿದ ಸಹಕಾರ ಸಂಘದಲ್ಲಿ ಆದದ್ದು ಇದೇ. "ಶೋ ಗ್ರಾಂಟ್ಸ್" ಆದೇಶ ಕೊಟ್ಟು ನಿಮ್ಮ ಖಾತೆಯ ಹಕ್ಕುಗಳನ್ನು ಓದಿ. ಅದರಲ್ಲಿ ಇವೆಂಟ್ ಎಂಬ ಪದವಾಗಲಿ ಎಲ್ಲ ಹಕ್ಕುಗಳೆಂಬ ಮಾತಾಗಲಿ ಇಲ್ಲದಿದ್ದರೆ, ಖಾಲಿ ಪಟ್ಟಿಯಿಂದ ಯಾವ ತೀರ್ಮಾನವನ್ನೂ ಮಾಡಬೇಡಿ. ನಿರ್ವಾಹಕ ಖಾತೆಯಿರುವವರನ್ನು ಕರೆದು ಅವರ ಖಾತೆಯಿಂದ ನೋಡಿಸಿ.

ಹೆಸರಿನಿಂದ ಹುಡುಕುವವರಿಗೆ ನಮ್ಮ ಭಾಗದಲ್ಲಿ ಒಂದು ವಿಶೇಷ ತೊಡಕಿದೆ. ಗುಲ್ಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಬರೆದ ಶಾಖಾ ಇವೆಂಟ್‌ಗಳ ಹೆಸರು ಹಳೆಯ ಊರಿನ ಹೆಸರಿನಿಂದಲೇ ಶುರುವಾಗುತ್ತದೆ. "ಲೈಕ್" ಸೇರಿಸಿ ಕಲಬುರಗಿ ಎಂದು ಹುಡುಕಿದರೆ ಅವು ಸಿಗುವುದಿಲ್ಲ. ಒಮ್ಮೆ ಹೆಸರಿನ ಷರತ್ತನ್ನು ಪೂರ್ತಿ ತೆಗೆದು ಇಡೀ ಪಟ್ಟಿಯನ್ನು ಕಣ್ಣಾರೆ ಓದುವುದು ಉತ್ತಮ.

ಇಷ್ಟೂ ಸರಿಯಿದ್ದು ಪಟ್ಟಿ ಖಾಲಿಯೇ ಇದ್ದರೆ, ನೀವು ಬೇರೊಂದು ಸರ್ವರನ್ನು ನೋಡುತ್ತಿರಬಹುದು. ಕ್ಸಾಂಪ್‌ ಎಂಬ ತಂತ್ರಾಂಶ ಕಟ್ಟಿನ ಜೊತೆಗೆ ಬಂದ ಮರಿಯಾಡಿಬಿ ಒಂದು, ಬಿಲ್ಲಿಂಗ್ ತಂತ್ರಾಂಶದವರು ಪ್ರತ್ಯೇಕವಾಗಿ ಹಾಕಿದ ಮೈಎಸ್‌ಕ್ಯೂಎಲ್ ಇನ್ನೊಂದು, ಹೀಗೆ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಸರ್ವರ್‌ಗಳು ಇರುವುದು ಸಾಮಾನ್ಯ. ಒಂದು 3306ನೇ ಪೋರ್ಟ್‌ನಲ್ಲಿದ್ದರೆ ಮತ್ತೊಂದನ್ನು ಹೆಚ್ಚಾಗಿ 3307ರಲ್ಲಿ ಇಟ್ಟಿರುತ್ತಾರೆ. "ಸೆಲೆಕ್ಟ್ @@ಪೋರ್ಟ್, @@ಡೇಟಾಡಿರ್, ವರ್ಶನ್()" ಎಂದು ಕೇಳಿ, ಬಂದ ಉತ್ತರ ಬಿಲ್ಲಿಂಗ್ ತಂತ್ರಾಂಶದ ಸಂಪರ್ಕ ವಿವರಕ್ಕೆ ಹೊಂದುತ್ತದೆಯೇ ನೋಡಿ.

ಇದಾದ ಮೇಲೂ ಇಲ್ಲವೆಂದರೆ ಇವೆಂಟ್ ನಿಜಕ್ಕೂ ಇಲ್ಲ. ಅದಕ್ಕೆ ಸಾಮಾನ್ಯ ಕಾರಣಗಳು ಎರಡು. ಒಂದೇ ಬಾರಿ ನಡೆಯಬೇಕಾದ ಇವೆಂಟ್ ಅಥವಾ ಮುಕ್ತಾಯದ ದಿನಾಂಕವಿರುವ ಇವೆಂಟ್ ತನ್ನ ಅವಧಿ ಮುಗಿದ ಕೂಡಲೇ ತಾನಾಗಿ ಅಳಿಸಿಹೋಗುತ್ತದೆ. "ಆನ್ ಕಂಪ್ಲೀಶನ್ ಪ್ರಿಸರ್ವ್" ಎಂದು ಬರೆದಿದ್ದರೆ ಮಾತ್ರ ಉಳಿಯುತ್ತದೆ. ಹೀಗಾಗಿ ಮಾರ್ಚ್ 31ಕ್ಕೆ ಮುಗಿಯುವಂತೆ ಬರೆದ ಇವೆಂಟ್ ಏಪ್ರಿಲ್‌ನಲ್ಲಿ ಕಾಣದಿದ್ದರೆ ಅದು ದೋಷವಲ್ಲ. ಎರಡನೆಯದು, ಕಂಪ್ಯೂಟರ್ ಬದಲಿಸಿದಾಗ ಹಳೆಯ ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ತಂದಿರುವುದು. "ಮೈಎಸ್‌ಕ್ಯೂಎಲ್‌ಡಂಪ್" ಎಂಬ ಬ್ಯಾಕಪ್ ಪರಿಕರ ಟ್ರಿಗರ್‌ಗಳನ್ನು (ಟೇಬಲ್ ಬದಲಾದಾಗ ನಡೆಯುವ ಆದೇಶಗಳನ್ನು) ತಾನಾಗಿ ಸೇರಿಸಿಕೊಳ್ಳುತ್ತದೆ, ಇವೆಂಟ್‌ಗಳನ್ನು "--ಇವೆಂಟ್ಸ್" ಎಂದು ಹೇಳದ ಹೊರತು ಸೇರಿಸುವುದಿಲ್ಲ. ಟೇಬಲ್‌ಗಳೆಲ್ಲ ಸರಿಯಾಗಿ ಬಂದಿರುವುದರಿಂದ ವಾರಗಟ್ಟಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಳೆಯ ಯಂತ್ರ ಇನ್ನೂ ಮೂಲೆಯಲ್ಲಿದ್ದರೆ ಅದನ್ನು ಗುಜರಿಗೆ ಕೊಡಬೇಡಿ. ಜಾಲದಿಂದ ಬೇರ್ಪಡಿಸಿಯೇ ಅದನ್ನು ಚಾಲೂ ಮಾಡಿ, "ಶೋ ಕ್ರಿಯೇಟ್ ಇವೆಂಟ್" ಆದೇಶದಿಂದ ಇವೆಂಟ್‌ನ ಪೂರ್ಣ ಪಠ್ಯವನ್ನು ನಕಲು ಮಾಡಿಕೊಳ್ಳಿ.

ಲಕ್ಷಣ: ಪಟ್ಟಿಯಲ್ಲಿ ಇದೆ, ಆದರೆ ನಡೆಯುವುದೇ ಇಲ್ಲ

ನನ್ನ ಅನುಭವದಲ್ಲಿ ಅತಿ ಹೆಚ್ಚು ಬರುವ ದೂರು ಇದು, ಅದರಲ್ಲೂ ಮುಂಗಾರಿನ ಮೊದಲ ಗಾಳಿಮಳೆಯ ದಿನಗಳಲ್ಲಿ. ಕಾರಣಗಳನ್ನು ಸುಲಭವಾಗಿ ಪರಿಶೀಲಿಸಬಹುದಾದುದರಿಂದ ಶುರುಮಾಡಿ ನೋಡೋಣ.

ಇವೆಂಟ್ ನಡೆಯಬೇಕಾದ ಹೊತ್ತಿಗೆ ಕಂಪ್ಯೂಟರ್ ಚಾಲೂ ಇರುತ್ತದೆಯೇ? ಒಂದು ಬೇಳೆ ಗಿರಣಿಯಲ್ಲಿ ಇವೆಂಟ್ ರಾತ್ರಿ 11ಕ್ಕೆ ನಿಗದಿಯಾಗಿತ್ತು. ಕಾವಲುಗಾರ ಶಾರ್ಟ್ ಸರ್ಕ್ಯೂಟ್ ಭಯಕ್ಕೆ ಪ್ರತಿ ರಾತ್ರಿ 9ಕ್ಕೆ ಮುಖ್ಯ ಸ್ವಿಚ್ ಆರಿಸುತ್ತಿದ್ದ. ಸರ್ವರ್ ನಿಂತಿದ್ದಾಗ ತಪ್ಪಿದ ಸರದಿಯನ್ನು ಆವರ್ತಕ ಇವೆಂಟ್ ಆಮೇಲೆ ಎದ್ದು ತುಂಬಿಕೊಡುವುದಿಲ್ಲ, ಮುಂದಿನ ಸರದಿಗೆ ಕಾಯುತ್ತದೆ. ಆ ಮುಂದಿನ ಸರದಿಯೂ ರಾತ್ರಿ 11ಕ್ಕೇ ಇರುವುದರಿಂದ ಕೆಲಸ ಎಂದೂ ನಡೆಯಲಿಲ್ಲ. ಸಮಯವನ್ನು ಸಂಜೆ 8ಕ್ಕೆ ತಂದರೆ ಸಾಕಾಯಿತು. ಕಾವಲುಗಾರನ ಎಚ್ಚರಿಕೆಯನ್ನು ಬದಲಿಸುವುದು ಸರಿಯಾದ ಪರಿಹಾರವಲ್ಲ ಎಂದೇ ನನ್ನ ಅಭಿಪ್ರಾಯ.

ಮುಂದೆ, ಇವೆಂಟ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಸರ್ವರ್‌ನ ಭಾಗವಾದ ಶೆಡ್ಯೂಲರ್ ಓಡುತ್ತಿದೆಯೇ ಎಂದು ನೋಡಿ. "ಶೋ ವೇರಿಯಬಲ್ಸ್ ಲೈಕ್ 'ಇವೆಂಟ್_ಶೆಡ್ಯೂಲರ್'" ಎಂದು ಕೇಳಿದರೆ ಆನ್, ಆಫ್, ಡಿಸೇಬಲ್ಡ್ ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಇದು ಮೊದಲಿನಿಂದಲೇ ಆನ್ ಇರುತ್ತದೆ, 5.7 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ, ಹಾಗೆಯೇ ಮರಿಯಾಡಿಬಿಯಲ್ಲಿ, ಆಫ್ ಇರುತ್ತದೆ. ಆಫ್ ಎಂದಿದ್ದರೂ ಇವೆಂಟ್‌ಗಳು ಪಟ್ಟಿಯಲ್ಲಿ ಎಂದಿನಂತೆ ಕಾಣುತ್ತವೆ, ಅವುಗಳ ಸ್ಟೇಟಸ್ ಎನೇಬಲ್ಡ್ ಎಂದೇ ಇರುತ್ತದೆ. ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

"ಸೆಟ್ ಗ್ಲೋಬಲ್ ಇವೆಂಟ್_ಶೆಡ್ಯೂಲರ್ = ಆನ್" ಎಂದು ಹೇಳಿದರೆ ಅದು ಕೂಡಲೇ ಓಡತೊಡಗುತ್ತದೆ. ಆದರೆ ಈ ಬದಲಾವಣೆ ಸರ್ವರ್ ಮತ್ತೆ ಶುರುವಾಗುವವರೆಗೆ ಮಾತ್ರ. ಮೇ, ಜೂನ್ ತಿಂಗಳಲ್ಲಿ ಗಾಳಿ ಎದ್ದು ಕರೆಂಟ್ ಹೋಗಿ ಬಂತೆಂದರೆ ಸರ್ವರ್ ಮತ್ತೆ ಆಫ್ ಸ್ಥಿತಿಯಲ್ಲೇ ಏಳುತ್ತದೆ. "ಕಳೆದ ತಿಂಗಳಷ್ಟೇ ಸರಿ ಮಾಡಿದ್ದಿರಿ, ಮತ್ತೆ ಕೆಟ್ಟಿದೆ" ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಶಾಶ್ವತ ಪರಿಹಾರವೆಂದರೆ ಸೆಟ್ಟಿಂಗ್ ಕಡತದಲ್ಲಿ, ವಿಂಡೋಸ್‌ನಲ್ಲಾದರೆ "ಮೈ.ಐಎನ್ಐ", ಲಿನಕ್ಸ್‌ನಲ್ಲಾದರೆ "ಮೈ.ಸಿಎನ್ಎಫ್", ಅದರ "ಮೈಎಸ್‌ಕ್ಯೂಎಲ್‌ಡಿ" ಭಾಗದ ಕೆಳಗೆ "ಇವೆಂಟ್_ಶೆಡ್ಯೂಲರ್=ಆನ್" ಎಂಬ ಸಾಲನ್ನು ಸೇರಿಸುವುದು. ಮೈಎಸ್‌ಕ್ಯೂಎಲ್ 8.0ರಲ್ಲಿ ಯಾರಾದರೂ ಆಫ್ ಮಾಡಿಟ್ಟಿದ್ದರೆ ಗ್ಲೋಬಲ್ ಬದಲಿಗೆ ಪರ್ಸಿಸ್ಟ್ ಎಂಬ ಪದ ಬಳಸಿದರೂ ಬದಲಾವಣೆ ಉಳಿಯುತ್ತದೆ. ಮರಿಯಾಡಿಬಿಯಲ್ಲಿ ಈ ಸೌಲಭ್ಯ ಇಲ್ಲ. ಕಡತವನ್ನು ತಿದ್ದುವ ಮೊದಲು ಅದರ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಇಡಿ, ಏಕೆಂದರೆ ಒಂದು ತಪ್ಪು ಸಾಲಿನಿಂದ ಸರ್ವರ್ ಏಳದೇ ಹೋಗಬಹುದು.

ಶೆಡ್ಯೂಲರನ್ನು ಆನ್ ಮಾಡುವ ಮುನ್ನ ಒಂದು ಎಚ್ಚರ. ಬಹುಕಾಲ ಆಫ್ ಇದ್ದ ಸರ್ವರ್‌ನಲ್ಲಿ, ಎಂದೋ ಯಾರೋ ಬರೆದು ಮರೆತ ಇವೆಂಟ್‌ಗಳು ಇರಬಹುದು. ಹಳೆಯ ದಾಖಲೆಗಳನ್ನು ಅಳಿಸುವ ಇವೆಂಟ್ ಅವುಗಳಲ್ಲಿ ಒಂದಾಗಿರಬಹುದು. ಆನ್ ಮಾಡಿದ ಕ್ಷಣ ಅವೆಲ್ಲವೂ ತಮ್ಮ ಸರದಿಗೆ ನಿಲ್ಲುತ್ತವೆ. ಆದ್ದರಿಂದ ಎನೇಬಲ್ಡ್ ಆಗಿರುವ ಪ್ರತಿಯೊಂದು ಇವೆಂಟ್‌ನ ಪಠ್ಯವನ್ನು ಓದಿ, ಬೇಡವಾದವನ್ನು "ಆಲ್ಟರ್ ಇವೆಂಟ್" ಮೂಲಕ ಡಿಸೇಬಲ್ ಮಾಡಿದ ಮೇಲೆಯೇ ಮುಂದುವರಿಯಿರಿ.

ಉತ್ತರ ಡಿಸೇಬಲ್ಡ್ ಎಂದು ಬಂದರೆ ವಿಷಯ ಬೇರೆ. ಅದನ್ನು ಓಡುತ್ತಿರುವ ಸರ್ವರ್‌ನಲ್ಲಿ ಬದಲಿಸಲಾಗದು, ಪ್ರಯತ್ನಿಸಿದರೆ 1290 ದೋಷ ಬರುತ್ತದೆ. ಸೆಟ್ಟಿಂಗ್ ಕಡತದಲ್ಲಿ ಯಾರೋ ಹಾಗೆ ಬರೆದಿರಬಹುದು. ಇನ್ನೊಂದು ಸಾಧ್ಯತೆ ಹೆಚ್ಚು ಆತಂಕದ್ದು: ರೂಟ್ ಎಂಬ ನಿರ್ವಾಹಕ ಖಾತೆಯ ಗುಪ್ತಪದ ಮರೆತಾಗ "ಸ್ಕಿಪ್-ಗ್ರಾಂಟ್-ಟೇಬಲ್ಸ್" ಎಂದು ಹಾಕಿ ಒಳಹೊಕ್ಕವರು ಅದನ್ನು ತೆಗೆಯಲು ಮರೆತಿರುತ್ತಾರೆ. ಆ ಸ್ಥಿತಿಯಲ್ಲಿ ಶೆಡ್ಯೂಲರ್ ಡಿಸೇಬಲ್ಡ್ ಆಗುವುದಷ್ಟೇ ಅಲ್ಲ, ಗುಪ್ತಪದವಿಲ್ಲದೆ ಯಾರು ಬೇಕಾದರೂ ಡೇಟಾಬೇಸ್ ಪ್ರವೇಶಿಸಬಹುದು. ಇದು ಕಂಡುಬಂದರೆ ಇವೆಂಟ್‌ನ ಮಾತನ್ನು ಬದಿಗಿಟ್ಟು ಮೊದಲು ಆ ಸಾಲನ್ನು ತೆಗೆಸಿ ಸರ್ವರನ್ನು ಸರಿಯಾದ ಕ್ರಮದಲ್ಲಿ ನಿಲ್ಲಿಸಿ ಶುರುಮಾಡಿ. ಶೆಡ್ಯೂಲರನ್ನು ಡಿಸೇಬಲ್ಡ್ ಮಾಡುವ ಮೂರನೆಯ ಕಾರಣವೊಂದಿದೆ, ಅದನ್ನು ಕೆಳಗೆ 1577 ದೋಷದ ಭಾಗದಲ್ಲಿ ಹೇಳಿದ್ದೇನೆ.

ಶೆಡ್ಯೂಲರ್ ಆನ್ ಎಂದು ಹೇಳಿದರೂ ನಂಬಿಕೆ ಬಾರದಿದ್ದರೆ "ಶೋ ಪ್ರೊಸೆಸ್‌ಲಿಸ್ಟ್" ನೋಡಿ. ಅದರಲ್ಲಿ ಇವೆಂಟ್_ಶೆಡ್ಯೂಲರ್ ಎಂಬ ಬಳಕೆದಾರನ ಹೆಸರಿನಲ್ಲಿ, ಡೀಮನ್ ಎಂಬ ಕಮಾಂಡ್‌ನೊಂದಿಗೆ ಒಂದು ಸಾಲು ಇರಬೇಕು. ಅದರ ಸ್ಥಿತಿ "ವೇಟಿಂಗ್ ಫಾರ್ ನೆಕ್ಸ್ಟ್ ಆಕ್ಟಿವೇಶನ್" ಎಂದಿದ್ದರೆ ಮುಂದಿನ ಸರದಿಗಾಗಿ ಕಾಯುತ್ತಿದೆ. "ವೇಟಿಂಗ್ ಆನ್ ಎಂಪ್ಟಿ ಕ್ಯೂ" ಎಂದಿದ್ದರೆ ನಡೆಸಲು ಯಾವ ಸಕ್ರಿಯ ಇವೆಂಟೂ ಇಲ್ಲ, ಅಂದರೆ ನಿಮ್ಮ ಇವೆಂಟ್‌ನ ಸ್ಟೇಟಸ್ ಎನೇಬಲ್ಡ್ ಆಗಿಲ್ಲ. ಇಲ್ಲಿಯೂ ಹಕ್ಕಿನ ಪ್ರಶ್ನೆ ಬರುತ್ತದೆ. ಪ್ರೊಸೆಸ್ ಎಂಬ ಹಕ್ಕು ಇಲ್ಲದ ಖಾತೆಗೆ ತನ್ನ ಸಂಪರ್ಕಗಳು ಮಾತ್ರ ಕಾಣುತ್ತವೆ, ಆ ಡೀಮನ್ ಸಾಲು ಓಡುತ್ತಿದ್ದರೂ ಕಾಣುವುದಿಲ್ಲ.

ಎಲ್ಲವೂ ಸರಿ, ಆದರೂ ಇವೆಂಟ್ ಏಳುತ್ತಿಲ್ಲವೆಂದರೆ ಗಡಿಯಾರ ನೋಡಿ. "ಸೆಲೆಕ್ಟ್ ನೌ()" ಎಂಬ ಆದೇಶದ ಉತ್ತರವನ್ನು ಗೋಡೆಯ ಗಡಿಯಾರ ಮತ್ತು ಕ್ಯಾಲೆಂಡರಿನೊಂದಿಗೆ ಹೋಲಿಸಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ನಾಣ್ಯ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಆಗ ಇವೆಂಟ್‌ನ ದೃಷ್ಟಿಯಲ್ಲಿ ಅದರ ಆರಂಭದ ದಿನಾಂಕ ಇನ್ನೂ ಬಂದೇ ಇಲ್ಲ. ಕಡಿಮೆ ಬೆಲೆಯ ಬ್ಯಾಟರಿಯೊಂದನ್ನು ಬದಲಿಸಿದರೆ ಸರಿಹೋಗುವ ದೋಷ ಇದು. ಆದರೆ ಕ್ಯಾಬಿನೆಟ್ ತೆರೆಯುವ ಮೊದಲು ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಪ್ಲಗ್ ಕಿತ್ತು, ಯುಪಿಎಸ್‌ನಿಂದಲೂ ಬೇರ್ಪಡಿಸಿ. ಅಭ್ಯಾಸವಿಲ್ಲದವರು ಹಾರ್ಡ್‌ವೇರ್ ತಿಳಿದವರಿಂದ ಮಾಡಿಸುವುದು ಕ್ಷೇಮ. ತಪ್ಪು ದಿನಾಂಕದಲ್ಲಿ ದಾಖಲಾದ ಬಿಲ್‌ಗಳನ್ನು ಸರಿಪಡಿಸುವುದು ಲೆಕ್ಕಿಗರ ಸಮ್ಮುಖದಲ್ಲೇ ಆಗಬೇಕು.

ಲಕ್ಷಣ: ಹೊತ್ತಲ್ಲದ ಹೊತ್ತಿನಲ್ಲಿ ನಡೆಯುತ್ತದೆ

ರಾತ್ರಿ 11ಕ್ಕೆ ಎಂದು ಬರೆದ ಇವೆಂಟ್ ಬೆಳಗಿನ ಜಾವ 4:30ಕ್ಕೆ ನಡೆದರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಸರ್ವರ್ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದೆ, ನಮ್ಮ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಕಚೇರಿಯ ಕಂಪ್ಯೂಟರ್‌ನಿಂದ ಬಾಡಿಗೆ ಸರ್ವರ್‌ಗೆ ಡೇಟಾಬೇಸನ್ನು ಸಾಗಿಸಿದ ಮೇಲೆ ಈ ಲಕ್ಷಣ ಕಾಣಿಸಿಕೊಳ್ಳುತ್ತದೆ. ಇವೆಂಟ್ ಬರೆದಾಗ ಆ ಸಂಪರ್ಕದಲ್ಲಿದ್ದ ಕಾಲಮಾನವೇ ಅದರೊಂದಿಗೆ ಉಳಿಯುತ್ತದೆ, ಪಟ್ಟಿಯ ಟೈಂ ಜೋನ್ ಕಾಲಂ ಅದನ್ನೇ ತೋರಿಸುತ್ತದೆ. ಅಲ್ಲಿ ಸಿಸ್ಟಂ ಎಂದಿದ್ದರೆ ಸರ್ವರ್ ಯಂತ್ರದ ಕಾಲಮಾನ ಎಂದು ಓದಿಕೊಳ್ಳಬೇಕು. ಸರಿಪಡಿಸಲು "ಸೆಟ್ ಟೈಂ_ಜೋನ್ = '+05:30'" ಎಂದು ಹೇಳಿ, ಅದೇ ಸಂಪರ್ಕದಿಂದ ವೇಳಾಪಟ್ಟಿಯನ್ನು ಆಲ್ಟರ್ ಇವೆಂಟ್ ಮೂಲಕ ಮತ್ತೊಮ್ಮೆ ಬರೆಯಬೇಕು. "ಏಷ್ಯಾ/ಕೋಲ್ಕತಾ" ಎಂಬ ಹೆಸರನ್ನು ಕೊಟ್ಟಾಗ 1298 ದೋಷ ಬಂದರೆ ಗಾಬರಿ ಬೇಡ. ಕಾಲಮಾನಗಳ ಹೆಸರಿನ ಟೇಬಲ್‌ಗಳನ್ನು ಆ ಸರ್ವರ್‌ಗೆ ತುಂಬಿಲ್ಲ, ಅಂಕಿಯ ರೂಪವೇ ಸಾಕು.

ಇದರ ಇನ್ನೊಂದು ಮುಖ, ಪ್ರತಿದಿನ ಮಧ್ಯಾಹ್ನ ಒಂದೇ ನಿಮಿಷಕ್ಕೆ ಬಿಲ್ಲಿಂಗ್ ತೆರೆ ನಿಧಾನವಾಗುವುದು. ಬೀದರಿನ ಒಂದು ಬಿದ್ರಿ ಕರಕುಶಲ ಮಳಿಗೆಯಲ್ಲಿ ದಿನಾ 3:20ಕ್ಕೆ ಹೀಗಾಗುತ್ತಿತ್ತು. ಇವೆಂಟನ್ನು ದಿನಕ್ಕೊಮ್ಮೆ ಎಂದು ಬರೆದವರು ಸ್ಟಾರ್ಟ್ಸ್ ಸಮಯವನ್ನು ಕೊಟ್ಟಿರಲಿಲ್ಲ. ಹಾಗೆ ಬಿಟ್ಟರೆ ಸೃಷ್ಟಿಸಿದ ಕ್ಷಣದಿಂದಲೇ ಎಣಿಕೆ ಶುರುವಾಗುತ್ತದೆ, ಅಂದು ಅವರು ಅದನ್ನು ಬರೆದು ಮುಗಿಸಿದ್ದು ಮಧ್ಯಾಹ್ನ 3:20ಕ್ಕೆ. ಪಟ್ಟಿಯ ಸ್ಟಾರ್ಟ್ಸ್ ಕಾಲಂನಲ್ಲಿ ಸೆಕೆಂಡಿನವರೆಗೆ ಬಿಡಿ ಅಂಕಿಗಳಿರುವ ಸಮಯ, ಉದಾಹರಣೆಗೆ 15:20:37, ಕಂಡರೆ ಅದು ಯೋಚಿಸಿ ಕೊಟ್ಟ ಸಮಯವಲ್ಲವೆಂದು ತಿಳಿಯಬಹುದು.

ಲಕ್ಷಣ: ಲಾಸ್ಟ್_ಎಕ್ಸಿಕ್ಯೂಟೆಡ್ ಸರಿಯಾಗಿದೆ, ಫಲಿತಾಂಶ ಮಾತ್ರ ಇಲ್ಲ

ಆ ಕಾಲಂ ಹೇಳುವುದು ಇವೆಂಟ್ ಯಾವಾಗ ಶುರುವಾಯಿತು ಎಂಬುದನ್ನು. ಮುಗಿಯಿತೇ, ಅರ್ಧಕ್ಕೆ ನಿಂತಿತೇ ಎಂಬ ಮಾಹಿತಿ ಅದರಲ್ಲಿಲ್ಲ. ಇವೆಂಟ್ ವಿಫಲವಾದರೆ ಅದರ ದೂರು ಯಾವ ತೆರೆಯ ಮೇಲೂ ಬರುವುದಿಲ್ಲ, ಸರ್ವರ್‌ನ ಎರರ್ ಲಾಗ್‌ನಲ್ಲಿ ಮಾತ್ರ ದಾಖಲಾಗುತ್ತದೆ. "ಸೆಲೆಕ್ಟ್ @@ಲಾಗ್_ಎರರ್" ಎಂದು ಕೇಳಿ ಆ ಕಡತದ ಜಾಗ ತಿಳಿದುಕೊಂಡು, ಇವೆಂಟ್ ಶೆಡ್ಯೂಲರ್ ಎಂಬ ಪದಗಳನ್ನು ಅದರಲ್ಲಿ ಹುಡುಕಿ.

ಅಲ್ಲಿ ಹೆಚ್ಚಾಗಿ ಸಿಗುವ ದೂರು ಡಿಫೈನರ್‌ನದು. ಇವೆಂಟ್ ನಡೆಯುವುದು ಅದನ್ನು ಬರೆದವರ ಖಾತೆಯ ಹಕ್ಕುಗಳಿಂದ. ಕೆಲಸ ಬಿಟ್ಟುಹೋದ ಸಿಬ್ಬಂದಿಯ ಖಾತೆಯನ್ನು ಅಳಿಸುವುದು ಸರಿಯಾದ ಕ್ರಮವೇ, ಆದರೆ ಅವರ ಹೆಸರಿನಲ್ಲಿದ್ದ ಇವೆಂಟ್‌ಗಳು ಅಂದಿನಿಂದ ನಿಂತುಹೋಗುತ್ತವೆ. ಹೊಸ ಯಂತ್ರಕ್ಕೆ ಡೇಟಾಬೇಸ್ ಸಾಗಿಸಿ, ಖಾತೆಗಳನ್ನು ಸಾಗಿಸದಿದ್ದಾಗಲೂ ಹೀಗೆಯೇ. ಖಾತೆಯನ್ನು ಅಳಿಸುವ ಮುನ್ನ ಪಟ್ಟಿಯ ಡಿಫೈನರ್ ಕಾಲಂ ಅನ್ನು ಒಮ್ಮೆ ಓದುವ ಪದ್ಧತಿಯನ್ನು ಕಚೇರಿಗಳು ರೂಢಿಸಿಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ. ಇನ್ನೊಂದು ಸೂಕ್ಷ್ಮವೂ ಇದೆ. ಆಲ್ಟರ್ ಇವೆಂಟ್ ಆದೇಶವನ್ನು ಯಾರು ಯಶಸ್ವಿಯಾಗಿ ಕೊಡುತ್ತಾರೋ ಅವರೇ ಅದರ ಹೊಸ ಡಿಫೈನರ್ ಆಗುತ್ತಾರೆ. ಸಮಯವನ್ನಷ್ಟೇ ಬದಲಿಸಲು ಬಂದ, ಕಡಿಮೆ ಹಕ್ಕುಗಳಿರುವ ಖಾತೆಯಿಂದ ತಿದ್ದಿದರೆ ಮರುದಿನದಿಂದ ಆ ಇವೆಂಟ್‌ಗೆ ಟೇಬಲ್ ಮುಟ್ಟುವ ಹಕ್ಕೇ ಇರುವುದಿಲ್ಲ. ನಿಗದಿತ ಕೆಲಸಗಳಿಗೆಂದೇ ಒಂದು ಪ್ರತ್ಯೇಕ ಖಾತೆ ಇಟ್ಟು, ಬರೆಯುವುದನ್ನೂ ತಿದ್ದುವುದನ್ನೂ ಅದರಿಂದಲೇ ಮಾಡಬೇಕು.

ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ಇವೆಂಟ್‌ನೊಳಗಿನ ಆದೇಶಗಳನ್ನು ಪರೀಕ್ಷಿಸಬೇಕಾಗುತ್ತದೆ. ಇವೆಂಟ್‌ನೊಳಗೆ ಬರೆದ ಬರಿಯ ಸೆಲೆಕ್ಟ್ ಆದೇಶದ ಉತ್ತರ ಎಲ್ಲಿಯೂ ಉಳಿಯುವುದಿಲ್ಲ ಎಂಬುದನ್ನು ನೆನಪಿಡಿ. ಪರೀಕ್ಷೆಯನ್ನು ನಿಜವಾದ ಡೇಟಾಬೇಸ್‌ನ ಮೇಲೆ ಕೈಯಿಂದ ನಡೆಸಬೇಡಿ. ಬಡ್ಡಿ, ದಾಸ್ತಾನು, ಪಾವತಿ ಇಂತಹ ಲೆಕ್ಕಗಳಲ್ಲಿ ಅದು ಎರಡನೇ ಬಾರಿ ನಡೆದಂತೆ ಆಗುತ್ತದೆ. ಬ್ಯಾಕಪ್‌ನಿಂದ ಇನ್ನೊಂದು ಯಂತ್ರದಲ್ಲಿ ನಕಲು ನಿಲ್ಲಿಸಿ, ಅಲ್ಲಿ ಒಂದೊಂದೇ ಆದೇಶವನ್ನು ಓಡಿಸಿ. ದೋಷ ಸಿಕ್ಕ ಮೇಲೆ, ಕೆಲಸದ ಪಠ್ಯವನ್ನು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲಿ ಹೆಸರಿಟ್ಟು ಉಳಿಸಿದ ಆದೇಶಗಳ ಕಟ್ಟು) ಒಂದರಲ್ಲಿಟ್ಟು, ಶುರುವಾದ ಸಮಯ, ಮುಗಿದ ಸಮಯ, ಬದಲಾದ ಸಾಲುಗಳ ಸಂಖ್ಯೆ ಇವನ್ನು ಒಂದು ದಾಖಲೆ ಟೇಬಲ್‌ಗೆ ಅದರಿಂದಲೇ ಬರೆಸಿ. ಶುರುವಾದ ಸಮಯವಿದ್ದು ಮುಗಿದ ಸಮಯವಿಲ್ಲದ ಸಾಲು ಸಿಕ್ಕರೆ ಎಲ್ಲಿ ನೋಡಬೇಕೆಂದು ತಕ್ಷಣ ತಿಳಿಯುತ್ತದೆ.

ಲಕ್ಷಣ: ಒಂದೇ ಕೆಲಸ ಎರಡು ಬಾರಿ ನಡೆದಿದೆ

ಮೊದಲು ಕೆಲಸವನ್ನು ನಿಲ್ಲಿಸಿ: ಆ ಇವೆಂಟನ್ನು ಡಿಸೇಬಲ್ ಮಾಡಿ, ಅಳಿಸಬೇಡಿ. ನಂತರ ನಿರ್ವಾಹಕ ಖಾತೆಯಿಂದ ಇನ್ಫರ್ಮೇಶನ್_ಸ್ಕೀಮಾ ಓದಿ, ಅದೇ ಟೇಬಲ್ ಹೆಸರು ಬೇರೆ ಯಾವ ಇವೆಂಟ್‌ನ ಪಠ್ಯದಲ್ಲಿದೆ ಎಂದು "ಇವೆಂಟ್_ಡೆಫಿನಿಶನ್" ಕಾಲಂನಲ್ಲಿ ಹುಡುಕಿ. ಅಲ್ಲಿ ಜೋಡಿ ಸಿಗದಿದ್ದರೆ ಡೇಟಾಬೇಸ್‌ನ ಹೊರಗೆ ನೋಡಬೇಕು. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಅಥವಾ ಲಿನಕ್ಸ್‌ನ ಕ್ರಾನ್ ಅದೇ ಲೆಕ್ಕವನ್ನು ಮಾಡುತ್ತಿರಬಹುದು. ಮೂರನೆಯ ಸಾಧ್ಯತೆ, ಒಂದೇ ಇವೆಂಟ್ ತನ್ನನ್ನೇ ಹಿಂದಿಕ್ಕಿರುವುದು. ಐದು ನಿಮಿಷಕ್ಕೊಮ್ಮೆ ನಡೆಯುವ ಕೆಲಸ ಸುಗ್ಗಿಯ ಕಾಲದಲ್ಲಿ ದಾಖಲೆಗಳು ಹೆಚ್ಚಾಗಿ ಏಳು ನಿಮಿಷ ತೆಗೆದುಕೊಂಡರೆ, ಮೊದಲನೆಯದು ಮುಗಿಯುವ ಮುನ್ನವೇ ಎರಡನೆಯದು ಶುರುವಾಗುತ್ತದೆ. ಸರ್ವರ್ ಅದನ್ನು ತಡೆಯುವುದಿಲ್ಲ. ಕೆಲಸದ ಆರಂಭದಲ್ಲಿ "ಗೆಟ್_ಲಾಕ್()" ಬಳಸಿ ಬೀಗ ಸಿಗದಿದ್ದರೆ ಹಿಂದಿರುಗುವಂತೆ ಬರೆಯುವುದು ಇದಕ್ಕೆ ಪರಿಹಾರ. ಈಗಾಗಲೇ ಎರಡು ಬಾರಿ ಜಮಾ ಆದ ಹಣವನ್ನು ಡೇಟಾಬೇಸ್ ನೋಡಿಕೊಳ್ಳುವವರು ತಾವಾಗಿಯೇ ಅಳಿಸಕೂಡದು. ಅದು ಲೆಕ್ಕಪರಿಶೋಧಕರಿಗೆ ತಿಳಿಸಿ, ವಿರುದ್ಧ ನಮೂದಿನ ಮೂಲಕ ಆಗಬೇಕಾದ ಕೆಲಸ.

ಲಕ್ಷಣ: ಪಟ್ಟಿ ಕೇಳಿದರೆ 1577 ದೋಷ

ಇದರರ್ಥ, ಸರ್ವರ್ ಏಳುವಾಗ ಇವೆಂಟ್‌ಗಳನ್ನು ಇಟ್ಟಿರುವ ಆಂತರಿಕ ಟೇಬಲ್‌ಗಳು ಹಾಳಾಗಿರುವುದು ಕಂಡುಬಂದಿದೆ. ಅದಕ್ಕಾಗಿ ಶೆಡ್ಯೂಲರ್ ಡಿಸೇಬಲ್ಡ್ ಆಗಿದೆ. ಮೈಎಸ್‌ಕ್ಯೂಎಲ್ 5.7ರವರೆಗೆ ಮತ್ತು ಮರಿಯಾಡಿಬಿಯಲ್ಲಿ ಇವೆಂಟ್‌ಗಳು "ಮೈಎಸ್‌ಕ್ಯೂಎಲ್.ಇವೆಂಟ್" ಎಂಬ ಟೇಬಲ್‌ನಲ್ಲಿ ಇರುತ್ತವೆ, ಸರ್ವರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಅದು ಕೆಡಬಹುದು. ಆವೃತ್ತಿ ಮೇಲೇರಿಸಿದ ಮೇಲೆ "ಮೈಎಸ್‌ಕ್ಯೂಎಲ್_ಅಪ್‌ಗ್ರೇಡ್" ನಡೆಸದಿದ್ದಾಗಲೂ ಈ ದೋಷ ಬರುತ್ತದೆ.

ಅನುಭವವಿಲ್ಲದವರು ಇಲ್ಲಿಗೆ ನಿಲ್ಲಿಸಬೇಕು. ಬೇರೆ ಕಂಪ್ಯೂಟರ್‌ನಿಂದ ಆ ಟೇಬಲ್‌ನ ಕಡತಗಳನ್ನು ತಂದು ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಡೇಟಾ ಫೋಲ್ಡರ್ ಇಡಿಯಾಗಿ ಬೇರೊಂದು ಡಿಸ್ಕ್‌ಗೆ ನಕಲಾಗುವವರೆಗೆ ಯಾವ ರಿಪೇರಿ ಆದೇಶವನ್ನೂ ಕೊಡಬೇಡಿ. ಆ ನಕಲು ಕೈಯಲ್ಲಿದ್ದ ಮೇಲೆ, ತಿಳಿದವರು "ಚೆಕ್ ಟೇಬಲ್", "ರಿಪೇರ್ ಟೇಬಲ್" ಮತ್ತು ಅಪ್‌ಗ್ರೇಡ್ ಪರಿಕರಗಳಿಂದ ಸರಿಪಡಿಸಬಲ್ಲರು. ಸರಿಯಾದ ಮೇಲೆ ಪ್ರತಿ ಇವೆಂಟ್‌ನ ಪಠ್ಯವನ್ನು ಒಂದು ಕಡತದಲ್ಲಿ ಉಳಿಸಿಕೊಂಡು, ಸರ್ವರ್‌ಗೆ ಕರೆಂಟ್ ಹೋದಾಗ ಕ್ರಮವಾಗಿ ನಿಲ್ಲಲು ಸಮಯ ಕೊಡುವಷ್ಟಾದರೂ ಯುಪಿಎಸ್ ಹಾಕಿಸಿ.

ಬೇರೆ ಡೇಟಾಬೇಸ್ ಬಳಸುತ್ತಿದ್ದರೆ

ಪೋಸ್ಟ್‌ಗ್ರೆಸ್‌ನಲ್ಲಿ ಅಂತರ್ಗತ ಶೆಡ್ಯೂಲರ್ ಇಲ್ಲ, ಪಿಜಿ_ಕ್ರಾನ್ ಎಂಬ ವಿಸ್ತರಣೆ ಹಾಕಿದ್ದರೆ "ಕ್ರಾನ್.ಜಾಬ್" ಟೇಬಲ್‌ನಲ್ಲಿ ಪಟ್ಟಿ, "ಕ್ರಾನ್.ಜಾಬ್_ರನ್_ಡೀಟೇಲ್ಸ್"ನಲ್ಲಿ ನಡೆದ ಚರಿತ್ರೆ ಸಿಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಏಜೆಂಟ್ ಎಂಬ ಸೇವೆ ಈ ಕೆಲಸ ಮಾಡುತ್ತದೆ, ಪಟ್ಟಿ ಎಂಎಸ್‌ಡಿಬಿ ಡೇಟಾಬೇಸ್‌ನಲ್ಲಿರುತ್ತದೆ. ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಏಜೆಂಟ್ ಇಲ್ಲವಾದ್ದರಿಂದ ಅಲ್ಲಿ ಅದನ್ನು ಹುಡುಕಿ ಸಮಯ ಕಳೆಯಬೇಡಿ. ಒರಾಕಲ್‌ನಲ್ಲಿ "ಯೂಸರ್_ಶೆಡ್ಯೂಲರ್_ಜಾಬ್ಸ್" ನಿಮ್ಮ ಕೆಲಸಗಳನ್ನಷ್ಟೇ ತೋರಿಸುತ್ತದೆ, ಉಳಿದವರದನ್ನು ನೋಡಲು "ಡಿಬಿಎ_ಶೆಡ್ಯೂಲರ್_ಜಾಬ್ಸ್" ಓದುವ ಹಕ್ಕು ಬೇಕು.

ಸಹಾಯ ಕೇಳುವ ಮುನ್ನ ಕೈಯಲ್ಲಿರಬೇಕಾದ ವಿವರಗಳು

ದೂರದ ಊರಿನಿಂದ ಫೋನಿನಲ್ಲಿ ಸಹಾಯ ಮಾಡುವವರಿಗೆ "ಇವೆಂಟ್ ಓಡುತ್ತಿಲ್ಲ" ಎಂಬ ಒಂದೇ ಮಾತಿನಿಂದ ಏನೂ ತಿಳಿಯುವುದಿಲ್ಲ. ಸರ್ವರ್‌ನ ಆವೃತ್ತಿ, ಪೋರ್ಟ್, ಇವೆಂಟ್_ಶೆಡ್ಯೂಲರ್‌ನ ಉತ್ತರ, ನೌ() ಕೊಟ್ಟ ಸಮಯ, ಮೊದಲೇ ಹಾಳೆಯ ಮೇಲೆ ಬರೆದುಕೊಂಡ ಎಂಟು ಕಾಲಂಗಳು ಮತ್ತು ಎರರ್ ಲಾಗ್‌ನ ಸಂಬಂಧಪಟ್ಟ ಸಾಲುಗಳನ್ನು ಕಳುಹಿಸಿ. ಕೊನೆಯ ಸಲ ಕರೆಂಟ್ ಹೋದದ್ದು, ಯಂತ್ರ ಬದಲಿಸಿದ್ದು, ಸಿಬ್ಬಂದಿ ಬದಲಾದದ್ದು ಯಾವಾಗ ಎಂಬುದನ್ನೂ ಸೇರಿಸಿ. ಗುಪ್ತಪದವನ್ನು, ಠೇವಣಿದಾರರ ಅಥವಾ ರೈತರ ಹೆಸರು ಮತ್ತು ಖಾತೆ ಸಂಖ್ಯೆಗಳಿರುವ ತೆರೆಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಡಿ. ಇವೆಂಟ್‌ನ ಪಠ್ಯ ಕೇಳಿದರೆ ಶೋ ಕ್ರಿಯೇಟ್ ಇವೆಂಟ್ ಕೊಟ್ಟ ಉತ್ತರವನ್ನು ಅಕ್ಷರ ಬಿಡದಂತೆ ನಕಲಿಸಿ ಕಳುಹಿಸಿ, ನೆನಪಿನಿಂದ ಬರೆದು ಕಳುಹಿಸಬೇಡಿ.